ಬಾಗಿಲಲ್ಲಿ ನಿಂತ ಮೂರನೆಯ ಹುಡುಗ

ಗುರುವನ್ನು ಅರಸಿಕೊಂಡು ಹೋದ ಶಿಷ್ಯರ ಕಥೆ ಎಲ್ಲ ದೇಶಗಳಲ್ಲಿಯೂ ಉಂಟು. ದ್ರೋಣರ ಬಳಿಗೆ ಹೋಗಿ ಬರಿಗೈಯಲ್ಲಿ ಹಿಂದಿರುಗಿದ ಏಕಲವ್ಯನನ್ನು ಅರಿಯದ ಮನೆ ಕನ್ನಡನಾಡಿನಲ್ಲಿ ಇರಲಾರದು. ಆ ಕಥೆಯಲ್ಲಿ ಗುರುವಿಗೆ ಶಿಷ್ಯನು ಬೇಡವಾಗಿದ್ದುದಕ್ಕೆ ಕುಲವೊಂದು ನೆಪವಾಯಿತು. ಗುರುವಿಗೆ ಶಿಷ್ಯನು ಬೇಡವಾಗುವುದಕ್ಕೆ ಇನ್ನೊಂದು ಕಾರಣವೂ ಇರಬಹುದು: ಹಿಂದೆ ಒಬ್ಬ ಶಿಷ್ಯನನ್ನು ಕೈಯಾರೆ ಬೆಳೆಸಿ, ಕಣ್ಣಮುಂದೆಯೇ ಕಳೆದುಕೊಂಡ ದುಃಖ. ಅಂತಹ ಗುರುವಿನ ಬಾಗಿಲಿಗೆ ಹದಿಮೂರು ವರ್ಷದ ಹುಡುಗನೊಬ್ಬ ಹೋಗಿ ನಿಂತ ಕಥೆಯೊಂದು ೧೯೮೯ರಲ್ಲಿ ಅಮೆರಿಕದ ಚಿತ್ರಕಥೆಯ ಪುಸ್ತಕಗಳಲ್ಲಿ ಅಚ್ಚಾಯಿತು. ಆ ಗುರು ಬ್ಯಾಟ್‌ಮನ್. ಆ ಹುಡುಗ ಟಿಮ್ ಡ್ರೇಕ್.

ಚಿತ್ರಕಥೆಯೆಂದೊಡನೆ ಮಕ್ಕಳ ಆಟಿಕೆಯೆಂದು ಹಿರಿಯರು ಪಕ್ಕಕ್ಕೆ ಸರಿಸುವುದುಂಟು. ಆದರೆ ಹಿರಿಯರು ಕಿರಿಯರನ್ನು ತಮ್ಮ ಕೆಲಸದೊಳಕ್ಕೆ ಬಿಟ್ಟುಕೊಳ್ಳುವುದು ಯಾವಾಗ, ಯಾವ ಷರತ್ತಿನ ಮೇಲೆ, ಯಾರ ಹೊಣೆಯಲ್ಲಿ ಎಂಬ ಪ್ರಶ್ನೆಯನ್ನು ಈ ಬಣ್ಣದ ಪುಟಗಳು ಐದು ದಶಕಗಳ ಕಾಲ ಮರಳಿ ಮರಳಿ ಎತ್ತಿವೆ. ಆ ಪ್ರಶ್ನೆ ಮಕ್ಕಳದಲ್ಲ. ಮಕ್ಕಳಿರುವ ಪ್ರತಿಯೊಂದು ಮನೆಯದು.

ಬ್ಯಾಟ್‌ಮನ್ ಹುಟ್ಟಿದ್ದು ೧೯೩೯ರಲ್ಲಿ. ‘ಡಿಟೆಕ್ಟಿವ್ ಕಾಮಿಕ್ಸ್’ ಎಂಬ ಮಾಸಿಕದ ೨೭ನೆಯ ಸಂಚಿಕೆಯಲ್ಲಿ, ಬಾಬ್ ಕೇನ್ ಮತ್ತು ಬಿಲ್ ಫಿಂಗರ್ ಎಂಬ ಇಬ್ಬರು ತರುಣರ ಕೈಯಿಂದ ಆತನು ಹೊರಬಂದನು. ಹಗಲಿನಲ್ಲಿ ಗಾಥಮ್ ಎಂಬ ಕಲ್ಪಿತ ನಗರದ ಶ್ರೀಮಂತ ಬ್ರೂಸ್ ವೇಯ್ನ್. ಇರುಳಾದೊಡನೆ ಬಾವಲಿಯ ವೇಷ ತೊಟ್ಟು ಪಾತಕಿಗಳನ್ನು ಬೇಟೆಯಾಡುವ ಒಂಟಿಗ. ಹಾರುವ ಶಕ್ತಿಯಿಲ್ಲ, ಗುಂಡು ತಾಗದ ಮೈಯಿಲ್ಲ. ಬಾಲ್ಯದಲ್ಲಿ ತಂದೆತಾಯಿಗಳಿಬ್ಬರೂ ದರೋಡೆಕಾರನ ಗುಂಡಿಗೆ ಬೀದಿಯಲ್ಲಿ ಬಲಿಯಾದುದನ್ನು ಕಂಡವನು. ಆ ನೋವನ್ನೇ ಅಭ್ಯಾಸವಾಗಿಸಿಕೊಂಡು, ಮೈಯನ್ನೂ ಬುದ್ಧಿಯನ್ನೂ ಸಾಣೆಗೆ ಹಿಡಿದವನು. ಆತನ ಬಲವೆಲ್ಲ ದುಡಿದು ಗಳಿಸಿದ ಬಲ. ಆದುದರಿಂದಲೇ ಅದನ್ನು ಇನ್ನೊಬ್ಬರಿಗೆ ಕಲಿಸುವುದು ಸಾಧ್ಯವಾಯಿತು.

ಒಂಟಿಯಾಗಿರುವ ನಾಯಕನಿಂದ ಕಥೆಗಾರನಿಗೆ ಒಂದು ತೊಡಕುಂಟು: ಆತನು ಯಾರೊಡನೆ ಮಾತನಾಡಬೇಕು? ಷರ್ಲಾಕ್ ಹೋಮ್ಸ್‌ನಿಗೆ ವಾಟ್ಸನ್ ಇದ್ದಂತೆ ಈತನಿಗೂ ಒಬ್ಬ ಬೇಕೆಂದು ಫಿಂಗರ್‌ಗೆ ತೋರಿತು. ಹಾಗಾಗಿ ೧೯೪೦ರ ಏಪ್ರಿಲ್ ತಿಂಗಳ ೩೮ನೆಯ ಸಂಚಿಕೆಯಲ್ಲಿ ಡಿಕ್ ಗ್ರೇಸನ್ ಕಾಣಿಸಿಕೊಂಡನು. ಸರ್ಕಸ್ಸಿನ ತೂಗುಯ್ಯಾಲೆಯ ಮೇಲೆ ಆಡುತ್ತಿದ್ದ ಮನೆತನದ ಹುಡುಗ. ಸರ್ಕಸ್ಸಿನ ಯಜಮಾನನಿಂದ ಹಣ ಸುಲಿಯಬಂದ ಪುಂಡರು ಹಗ್ಗಗಳನ್ನು ಕೆಡಿಸಿಟ್ಟರು; ನೆರೆದ ಪ್ರೇಕ್ಷಕರೆದುರಿಗೇ ಹುಡುಗನ ತಂದೆತಾಯಿಗಳು ಬಿದ್ದು ಸತ್ತರು. ತನ್ನಂತೆಯೇ ತಬ್ಬಲಿಯಾದವನನ್ನು ಬ್ಯಾಟ್‌ಮನ್ ಮನೆಗೆ ಕರೆತಂದನು. ದೀಪದ ಬೆಳಕಿನಲ್ಲಿ ಪ್ರತಿಜ್ಞೆ ಮಾಡಿಸಿದನು. ತಿಂಗಳುಗಟ್ಟಲೆ ವಿದ್ಯೆ ಕಲಿಸಿದನು. ರಾಬಿನ್ ಎಂಬ ಹೆಸರನ್ನು ಸೂಚಿಸಿದವನು ಜೆರಿ ರಾಬಿನ್ಸನ್ ಎಂಬ ಚಿತ್ರಕಾರ. ರಾಬಿನ್‌ಹುಡ್‌ನ ನೆನಪು ಅದರ ಹಿಂದಿತ್ತು. ಹುಡುಗನು ಬಂದ ಮೇಲೆ ಪತ್ರಿಕೆಯ ಮಾರಾಟ ಇಮ್ಮಡಿಯಾಯಿತೆಂದು ಆ ವ್ಯವಸಾಯದವರು ಹೇಳುತ್ತ ಬಂದಿದ್ದಾರೆ. ಅದನ್ನು ನೋಡಿ ಬೇರೆ ನಾಯಕರೂ ಒಬ್ಬೊಬ್ಬ ಹುಡುಗನನ್ನು ಜತೆಗಿಟ್ಟುಕೊಂಡರು.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಡಿಕ್ ಗ್ರೇಸನ್ ಬಾಗಿಲು ತಟ್ಟಿ ಬಂದವನಲ್ಲ. ಬಾಗಿಲು ತಾನಾಗಿ ತೆರೆದುಕೊಂಡಿತು. ಗುರುವಿಗೆ ಇನ್ನೂ ಸೋಲಿನ ರುಚಿ ಗೊತ್ತಿರಲಿಲ್ಲ. ಬಾಲಕನನ್ನು ಗುಂಡುಗಳ ನಡುವೆ ಕರೆದೊಯ್ಯುವುದು ಸರಿಯೇ ಎಂದು ಕಥೆಯೊಳಗೆ ಯಾರೂ ಆತನನ್ನು ತಡೆಯಲಿಲ್ಲ. ಕಥೆಯ ಹೊರಗೆ ಆಕ್ಷೇಪಗಳೆದ್ದುವು. ಫ್ರೆಡ್ರಿಕ್ ವರ್ತಮ್ ಎಂಬ ಮನೋವೈದ್ಯನು ೧೯೫೪ರಲ್ಲಿ ಚಿತ್ರಕಥೆಗಳು ಎಳೆಯರನ್ನು ಕೆಡಿಸುತ್ತವೆಂದು ಪುಸ್ತಕ ಬರೆದನು. ಈ ಗುರುಶಿಷ್ಯರೂ ಆತನ ಆಪಾದನೆಗೆ ಗುರಿಯಾದರು. ಅದೇ ವರ್ಷ ಅಮೆರಿಕದ ಸೆನೆಟ್ಟಿನ ಉಪಸಮಿತಿಯೊಂದು ವಿಚಾರಣೆ ನಡೆಸಿತು. ಪ್ರಕಾಶಕರು ಹೆದರಿ ತಮಗೆ ತಾವೇ ಒಂದು ನಿಯಮಾವಳಿಯನ್ನು ಹಾಕಿಕೊಂಡರು. ಹುಡುಗನು ಮಾತ್ರ ಉಳಿದನು. ೧೯೬೬ರಲ್ಲಿ ಆಡಮ್ ವೆಸ್ಟ್ ಹಾಗೂ ಬರ್ಟ್ ವಾರ್ಡ್ ನಟಿಸಿದ ದೂರದರ್ಶನ ಮಾಲೆಯಿಂದ ಆತನ ಹೆಸರು ಮನೆಮಾತಾಯಿತು.

ಆದರೆ ಶಿಷ್ಯನೆಂದ ಮೇಲೆ ಎಂದಾದರೊಂದು ದಿನ ಬೆಳೆಯಲೇಬೇಕು. ೧೯೬೯ರ ಕೊನೆಯಲ್ಲಿ ಡಿಕ್ ಕಾಲೇಜಿಗೆಂದು ಮನೆ ಬಿಟ್ಟನು. ೧೯೮೪ರಲ್ಲಿ ಹಳೆಯ ವೇಷವನ್ನು ಕಳಚಿಟ್ಟು ನೈಟ್‌ವಿಂಗ್ ಎಂಬ ಹೊಸ ಹೆಸರಿನಿಂದ ಸ್ವತಂತ್ರನಾದನು. ಬೆಳೆದ ಮಗನು ಬೇರೆ ಮನೆ ಹೂಡುವಾಗ ಹೆಮ್ಮೆಯೂ ಕೊರಗೂ ಒಟ್ಟಿಗೇ ಬರುತ್ತವೆ. ಗಾಥಮ್‌ನ ಆ ದೊಡ್ಡ ಮನೆಯಲ್ಲಿಯೂ ಹಾಗೆಯೇ ಆಯಿತು.

ಬರಿದಾದ ಸ್ಥಾನಕ್ಕೆ ಅಷ್ಟರಲ್ಲಿ ಎರಡನೆಯವನೊಬ್ಬ ಬಂದಿದ್ದನು. ಜೇಸನ್ ಟಾಡ್ ೧೯೮೩ರಲ್ಲಿ ಮೊದಲು ಕಾಣಿಸಿಕೊಂಡಾಗ ಆತನೂ ಸರ್ಕಸ್ಸಿನ ತಬ್ಬಲಿಯೇ ಆಗಿದ್ದನು. ಹಳೆಯ ಅಚ್ಚಿನಿಂದ ಎರಡನೆಯ ಪ್ರತಿ ತೆಗೆದಂತಿತ್ತು. ೧೯೮೭ರಲ್ಲಿ ಆತನ ಪೂರ್ವಕಥೆಯನ್ನು ಬದಲಿಸಲಾಯಿತು. ಹೊಸ ಜೇಸನ್ ಬೀದಿಯ ಹುಡುಗ. ತಾನು ತಂದೆತಾಯಿಗಳನ್ನು ಕಳೆದುಕೊಂಡ ಓಣಿಗೇ ಬ್ಯಾಟ್‌ಮನ್ ಹೋಗಿದ್ದಾಗ, ಆತನ ಕಾರಿನ ಗಾಲಿಗಳನ್ನೇ ಬಿಚ್ಚಿ ಕದಿಯುತ್ತಿದ್ದವನು! ಆ ಧೈರ್ಯಕ್ಕೆ ಮೆಚ್ಚಿ ಗುರುವು ಆತನನ್ನು ಎತ್ತಿಕೊಂಡನು.

ಮೆಚ್ಚುಗೆಯೇನೋ ಸರಿ, ಆದರೆ ಆತುರವೂ ಅದರಲ್ಲಿತ್ತು. ಹುಡುಗನ ಎದೆಯಲ್ಲಿದ್ದ ಸಿಟ್ಟು ಆರಿರಲಿಲ್ಲ. ದುಷ್ಟನೊಬ್ಬನು ಮಹಡಿಯ ಮೇಲಿನಿಂದ ಬಿದ್ದು ಸತ್ತಾಗ, ತಳ್ಳಿದವನು ಈ ಹುಡುಗನೇ ಎಂಬ ಸಂದೇಹವನ್ನು ಕಥೆ ಕೊನೆಯವರೆಗೂ ಬಿಡಿಸಲಿಲ್ಲ. ಓದುಗರಲ್ಲಿ ಅನೇಕರು ಆತನನ್ನು ಒಪ್ಪಲಿಲ್ಲ. ಆಗ ಸಂಪಾದಕ ಡೆನಿಸ್ ಓನೀಲ್ ಮತ್ತು ಆತನ ಸಹೋದ್ಯೋಗಿಗಳು ಹಿಂದೆಂದೂ ನಡೆಯದ ಒಂದು ಕೆಲಸಕ್ಕೆ ಕೈಹಾಕಿದರು. ಹುಡುಗನ ಅಳಿವು ಉಳಿವುಗಳನ್ನು ಓದುಗರ ಮತಕ್ಕೆ ಬಿಟ್ಟರು.

ಜಿಮ್ ಸ್ಟಾರ್ಲಿನ್ ಬರೆದು ಜಿಮ್ ಅಪಾರೊ ಚಿತ್ರಿಸಿದ ಆ ಕಥೆಯಲ್ಲಿ ಜೇಸನ್ ತನ್ನನ್ನು ಹೆತ್ತ ತಾಯಿಯನ್ನು ಹುಡುಕಿಕೊಂಡು ದೂರದ ಇಥಿಯೋಪಿಯಕ್ಕೆ ಹೋಗುತ್ತಾನೆ. ಸಿಕ್ಕ ತಾಯಿಯೇ ಆತನನ್ನು ಜೋಕರ್ ಎಂಬ ಕ್ರೂರಿಯ ಕೈಗೆ ಒಪ್ಪಿಸುತ್ತಾಳೆ. ಜೋಕರ್ ಕಬ್ಬಿಣದ ಸಲಾಕಿಯಿಂದ ಹುಡುಗನನ್ನು ಬಡಿದು, ತಾಯಿಮಗ ಇಬ್ಬರನ್ನೂ ಸಿಡಿಮದ್ದಿರುವ ಕಟ್ಟಡದಲ್ಲಿ ಕೂಡಿಹಾಕುತ್ತಾನೆ. ಕಟ್ಟಡ ಸಿಡಿಯುತ್ತದೆ. ಅಲ್ಲಿಗೆ ಸಂಚಿಕೆ ಮುಗಿಯಿತು. ಅದರೊಡನೆ ಎರಡು ದೂರವಾಣಿ ಸಂಖ್ಯೆಗಳು ಅಚ್ಚಾಗಿದ್ದುವು: ಹುಡುಗ ಬದುಕಬೇಕೆನ್ನುವವರಿಗೆ ಒಂದು, ಸಾಯಬೇಕೆನ್ನುವವರಿಗೆ ಒಂದು. ಒಂದು ಕರೆಗೆ ಐವತ್ತು ಸೆಂಟು.

೧೯೮೮ರ ಸೆಪ್ಟೆಂಬರಿನಲ್ಲಿ ಸುಮಾರು ಒಂದೂವರೆ ದಿನ ಆ ತಂತಿಗಳು ತೆರೆದಿದ್ದುವು. ಬಂದ ಕರೆಗಳು ೧೦,೬೧೪. ಬದುಕಲಿ ಎಂದವರು ೫,೨೭೧. ಸಾಯಲಿ ಎಂದವರು ೫,೩೪೩. ಅಂತರ ಕೇವಲ ೭೨. ಚಿತ್ರಕಾರನು ಎರಡು ಬಗೆಯ ಪುಟಗಳನ್ನೂ ಬರೆದಿಟ್ಟಿದ್ದನು. ಅಚ್ಚಾದುದು ಬ್ಯಾಟ್‌ಮನ್ ಹುಡುಗನ ಶವವನ್ನು ಎತ್ತಿಕೊಂಡು ನಿಂತ ಪುಟ. ಸಾಯುವ ಮುನ್ನ ಜೇಸನ್, ತನಗೆ ದ್ರೋಹ ಬಗೆದ ತಾಯಿಯನ್ನು ಕಾಪಾಡಲೆಂದು ಆಕೆಗೆ ತನ್ನ ಮೈಯನ್ನೇ ಅಡ್ಡವಾಗಿಟ್ಟಿದ್ದನೆಂದು ಮುಂದಿನ ಸಂಚಿಕೆಯಲ್ಲಿ ತಿಳಿಯಿತು. ಮುಂಗೋಪಿಯೆಂದು ಹೆಸರಾದವನ ಕೊನೆಯ ಕೆಲಸ ಅದು. ಕೇಡಿಗನೆಂದು ತೀರ್ಪಿತ್ತವರಿಗೆ ಆ ಮಾತು ತಲಪುವ ಹೊತ್ತಿಗೆ ಕರೆಗಳ ಎಣಿಕೆ ಮುಗಿದುಹೋಗಿತ್ತು.

ಕಾಗದದ ಮೇಲಿನ ಹುಡುಗನಿಗೆ ಇಷ್ಟೊಂದು ಮರುಕವೇಕೆ ಎಂದು ಕೇಳಬಹುದು. ಸತ್ತವನು ಕಲ್ಪಿತ ಬಾಲಕ, ನಿಜ. ಆದರೆ ಆತನಿಗಾಗಿ ಹಣ ತೆತ್ತು ದೂರವಾಣಿ ತಿರುಗಿಸಿದ ಕೈಗಳು ಕಲ್ಪಿತವಲ್ಲ. ಹೊಸಬನೊಬ್ಬನು ಹಳಬನ ಸ್ಥಾನಕ್ಕೆ ಬಂದಾಗ, ಹಳಬನಂತಿಲ್ಲವೆಂಬ ಒಂದೇ ತಪ್ಪಿಗೆ ಜನ ಎಷ್ಟು ನಿಷ್ಠುರರಾಗಬಲ್ಲರು ಎಂಬುದನ್ನು ಆ ಎರಡು ಸಂಖ್ಯೆಗಳು ತೋರಿಸಿಕೊಟ್ಟುವು.

ಇನ್ನು ಗುರುವಿನ ಗತಿ? ಆತನು ಜೇಸನ್‌ನ ಹೆಸರೆತ್ತುವುದನ್ನೇ ಬಿಟ್ಟನು. ಇರುಳ ಕೆಲಸದಲ್ಲಿ ಹಿಂದಿನ ಎಚ್ಚರ ಉಳಿಯಲಿಲ್ಲ. ಏಟುಗಳು ಬಿರುಸಾದುವು, ಮೈಮೇಲಿನ ಗಾಯಗಳು ಹೆಚ್ಚಿದುವು. ಊರಿನವರಿಗೆ ಇದು ತಿಳಿಯಲಿಲ್ಲ. ತಿಳಿದದ್ದು ಒಬ್ಬ ಹುಡುಗನಿಗೆ.

ಮಾರ್ವ್ ವುಲ್ಫ್‌ಮನ್ ಬರೆದು ೧೯೮೯ರಲ್ಲಿ ಐದು ಸಂಚಿಕೆಗಳಲ್ಲಿ ಹೊರಬಂದ ಆ ಕಥೆಯ ನಾಯಕ ಟಿಮ್ ಡ್ರೇಕ್. ತೀರ ಎಳೆಯನಿದ್ದಾಗ ಟಿಮ್ ತಂದೆತಾಯಿಗಳೊಡನೆ ಸರ್ಕಸ್ಸಿಗೆ ಹೋಗಿದ್ದನು. ಗ್ರೇಸನ್ ದಂಪತಿಗಳು ಬಿದ್ದು ಸತ್ತ ರಾತ್ರಿ ಅದೇ. ಆ ನೋಟ ಮನಸ್ಸಿನಲ್ಲಿ ಅಚ್ಚೊತ್ತಿತ್ತು. ಕೆಲವು ವರ್ಷಗಳ ಅನಂತರ ದೂರದರ್ಶನದ ವಾರ್ತೆಯಲ್ಲಿ ರಾಬಿನ್ ಗಾಳಿಯಲ್ಲಿ ನಾಲ್ಕು ಲಾಗ ಹಾಕಿದುದನ್ನು ಆತನು ಕಂಡನು. ಗ್ರೇಸನ್ ಮನೆತನದವನ ಹೊರತು ಇನ್ನಾರಿಗೂ ಅದು ಸಾಧ್ಯವಿಲ್ಲ. ರಾಬಿನ್ ಡಿಕ್ ಗ್ರೇಸನ್ ಆದರೆ, ಡಿಕ್‌ನನ್ನು ಸಾಕಿದ ಬ್ರೂಸ್ ವೇಯ್ನ್ ಯಾರು? ಪಾತಕಿಗಳು, ಪೊಲೀಸರು, ಪತ್ರಕರ್ತರು ಯಾರೂ ಬಿಡಿಸಲಾರದ ಒಗಟನ್ನು ಒಂಬತ್ತರ ಬಾಲಕನು ಮನೆಯಲ್ಲಿ ಕುಳಿತು ಬಿಡಿಸಿದನು. ಅದಕ್ಕಿಂತ ದೊಡ್ಡ ಸಂಗತಿಯೆಂದರೆ, ಬಿಡಿಸಿದುದನ್ನು ಯಾರಿಗೂ ಹೇಳಲಿಲ್ಲ.

ಈ ಹುಡುಗ ತಬ್ಬಲಿಯಲ್ಲ. ಅನುಕೂಲಸ್ಥರ ಮಗ, ಸೇಡು ತೀರಿಸಬೇಕಾದ ಹಗೆಯಿಲ್ಲ. ಆತನು ಮನೆ ಬಿಟ್ಟು ಹೊರಟದ್ದು ತನಗೆ ಸ್ಥಾನ ಬೇಡುವುದಕ್ಕೂ ಅಲ್ಲ. ನೇರವಾಗಿ ಡಿಕ್ ಗ್ರೇಸನ್ನನನ್ನು ಹುಡುಕಿಕೊಂಡು ಹೋದನು. ಬ್ಯಾಟ್‌ಮನ್ ಹಾದಿ ತಪ್ಪುತ್ತಿದ್ದಾನೆ. ನೀವು ಮರಳಿ ರಾಬಿನ್ ಆಗಬೇಕು ಎಂಬುದು ಆತನ ಬಿನ್ನಹ. ಡಿಕ್ ಗಾಥಮ್‌ಗೆ ಬಂದನು. ಆದರೆ ಬೆಳೆದವನಿಗೆ ಬಾಲ್ಯದ ಅಂಗಿ ಹಿಡಿಸೀತೆ? ನೈಟ್‌ವಿಂಗ್ ಆಗಿಯೇ ನೆರವಿಗೆ ನಿಂತನು. ಗುರು ಮತ್ತು ಹಿರಿಯ ಶಿಷ್ಯ ಇಬ್ಬರೂ ಟೂ-ಫೇಸ್ ಎಂಬ ದುಷ್ಟನು ಒಡ್ಡಿದ ಬಲೆಗೆ ಸಿಕ್ಕಿ, ಕುಸಿದ ಕಟ್ಟಡದಡಿಯಲ್ಲಿ ಹೂತುಹೋದರು. ಆಗ, ಬೇರೆ ದಾರಿಯಿಲ್ಲವೆಂದಾಗ, ಟಿಮ್ ರಾಬಿನ್‌ನ ವೇಷ ತೊಟ್ಟನು. ಮನೆಯ ಹಿರಿಯ ಸೇವಕ ಆಲ್ಫ್ರೆಡ್‌ನೊಡನೆ ಧಾವಿಸಿ ಇಬ್ಬರನ್ನೂ ಉಳಿಸಿದನು.

ಉಳಿಸಿದವನಿಗೆ ದೊರೆತದ್ದು ಮೆಚ್ಚುಗೆಯಲ್ಲ, ಗದರಿಕೆ. ಸತ್ತ ಹುಡುಗನ ಅಂಗಿಯನ್ನು ಇನ್ನೊಬ್ಬ ಹುಡುಗನ ಮೈಮೇಲೆ ಕಂಡ ಗುರುವಿಗೆ ಎದೆ ಒಡೆದಂತಾಯಿತು. ಇನ್ನು ರಾಬಿನ್ ಎಂಬವನಿಲ್ಲ ಎಂಬುದು ಆತನ ನಿರ್ಧಾರ. ಟಿಮ್ ಹಿಂಜರಿಯಲಿಲ್ಲ. ತಾನು ವೀರನಾಗಬೇಕೆಂದು ಆತನು ವಾದಿಸಲಿಲ್ಲ. ಬ್ಯಾಟ್‌ಮನ್‌ಗೆ ರಾಬಿನ್ ಬೇಕು, ಇಲ್ಲವಾದರೆ ಬ್ಯಾಟ್‌ಮನ್ ಉಳಿಯಲಾರನು ಎಂದು ವಾದಿಸಿದನು. ಆಲ್ಫ್ರೆಡ್ ಮತ್ತು ಡಿಕ್ ಇಬ್ಬರೂ ಹುಡುಗನ ಪಕ್ಷ ವಹಿಸಿದರು. ಕೊನೆಗೆ ಗುರು ಒಂದಿಷ್ಟು ಸಡಿಲಿದನು: ನೋಡೋಣ, ಪರೀಕ್ಷೆಗೆಂದು ಇರಲಿ.

ಇಲ್ಲಿಂದ ಮುಂದಿನದೇ ಈ ಕಥೆಯಲ್ಲಿ ಮೆಚ್ಚತಕ್ಕ ಭಾಗ. ಪರೀಕ್ಷೆಯೆಂದರೆ ಒಂದು ದಿನದ ಪಂದ್ಯವಲ್ಲ, ತಿಂಗಳುಗಳ ಉಮೇದುವಾರಿ. ಟಿಮ್ ಗುಹೆಯಲ್ಲಿ ಕುಳಿತು ಹಳೆಯ ದಾಖಲೆಗಳನ್ನು ಓದಿದನು, ಮೈ ಪಳಗಿಸಿದನು, ಬೀದಿಗಿಳಿಯಲು ಅಪ್ಪಣೆಯಿಲ್ಲ. ವೇಷವಿಲ್ಲ, ಹೆಸರೂ ಇಲ್ಲ. ಅದರ ನಡುವೆ ಆತನ ತಂದೆತಾಯಿಗಳು ಹೈಟಿಯಲ್ಲಿ ದುಷ್ಟರ ಸೆರೆಯಾದರು. ತಾಯಿ ತೀರಿಕೊಂಡಳು, ತಂದೆ ಬದುಕಿಯೂ ಕಾಲುಗಳ ಸ್ವಾಧೀನ ಕಳೆದುಕೊಂಡನು. ಹಗೆಯಿಲ್ಲದ ಹುಡುಗನಿಗೂ ಈಗ ಹಗೆ ಬಂದೊದಗಿತು. ಸೇಡಿಗಾಗಿ ಹೊರಡುತ್ತಾನೋ ಎಂಬುದು ಗುರುವಿನ ಭಯ. ಅದು ತನ್ನದೇ ಬಾಲ್ಯದ ಭಯ.

ಉತ್ತರ ಬಂದದ್ದು ೧೯೯೦ರ ಕೊನೆಯ ಸಂಚಿಕೆಗಳಲ್ಲಿ. ಅಲನ್ ಗ್ರಾಂಟ್ ಬರೆದು ನಾರ್ಮ್ ಬ್ರೇಫೋಗಲ್ ಚಿತ್ರಿಸಿದ ಕಥೆ ಅದು. ಬ್ಯಾಟ್‌ಮನ್ ಸ್ಕೇರ್‌ಕ್ರೋ ಎಂಬ ಬೆದರುಬೊಂಬೆಯ ವೇಷದ ಪಾತಕಿಯ ಕೈಗೆ ಸಿಕ್ಕಿಬೀಳುತ್ತಾನೆ. ಹೊರಗೆ ಹೋಗಕೂಡದೆಂಬ ಆಜ್ಞೆ ಟಿಮ್‌ಗೆ ಇತ್ತು. ಆತನು ಆಜ್ಞೆಯನ್ನು ಮೀರಿದನು. ಆದರೆ ರಾಬಿನ್‌ನ ಉಡುಪನ್ನು ಮುಟ್ಟಲಿಲ್ಲ. ಅದು ತನಗಿನ್ನೂ ಕೊಟ್ಟಿಲ್ಲವೆಂದು, ಸಾಧಾರಣ ಮುಸುಕೊಂದನ್ನು ಮುಖಕ್ಕೆಳೆದುಕೊಂಡು ಹೋಗಿ ಗುರುವನ್ನು ಬಿಡಿಸಿ ತಂದನು. ಮಾತು ಮೀರಿದನಾದರೂ ಗೌರವ ಮೀರಲಿಲ್ಲ. ಅಂದು ಗುರುವು ಆತನಿಗೆ ಹೊಸ ಉಡುಪನ್ನು ಕೊಟ್ಟನು. ನೀಲ್ ಆಡಮ್ಸ್ ಎಂಬ ಚಿತ್ರಕಾರನು ರೂಪಿಸಿದ ಆ ಉಡುಪಿನಲ್ಲಿ, ಹಳೆಯ ಬರಿಗಾಲ ಚಡ್ಡಿಯ ಬದಲಿಗೆ ಕಾಲು ಮುಚ್ಚುವ ಷರಾಯಿ ಇತ್ತು. ಕತ್ತಲೆಯಲ್ಲಿ ಕಾಣದಿರಲೆಂದು ಮೇಲುಹೊದಿಕೆಯ ಹೊರಮೈ ಕಪ್ಪಾಗಿತ್ತು. ಹೊಲಿಗೆಯ ಈ ಸಣ್ಣ ಬದಲಾವಣೆಯಲ್ಲಿ ಗುರುವಿನ ಪಾಠ ಅಡಗಿದೆ. ಹುಡುಗನನ್ನು ಒಳಗೆ ಬಿಟ್ಟುಕೊಂಡರೆ ಸಾಲದು. ಅವನ ಮೈಗೆ ಕಾಪು ಒದಗಿಸುವುದೂ ಬಿಟ್ಟುಕೊಂಡವನ ಹೊಣೆ.

ಹೋಲಿಕೆಗಾಗಿ ಇನ್ನೊಂದು ಬಾಗಿಲನ್ನು ನೆನೆಯಬಹುದು. ಸ್ಟಾನ್ ಲೀ ಮತ್ತು ಸ್ಟೀವ್ ಡಿಟ್ಕೊ ಸೃಷ್ಟಿಸಿದ ಸ್ಪೈಡರ್‌ಮನ್ ೧೯೬೨ರಲ್ಲಿ ಹುಟ್ಟಿದನು. ೧೯೬೩ರಲ್ಲಿ ತನ್ನದೇ ಪತ್ರಿಕೆಯ ಮೊದಲ ಸಂಚಿಕೆಯಲ್ಲಿ ‘ಫೆಂಟಾಸ್ಟಿಕ್ ಫೋರ್’ ಎಂಬ ನಾಲ್ವರು ವೀರರ ನ್ಯೂಯಾರ್ಕಿನ ಮನೆಗೆ ನುಗ್ಗಿದನು. ನುಗ್ಗಿ, ತನ್ನ ಬಲ ತೋರಿಸಲು ಅವರೊಡನೆಯೇ ಹೊಯ್ದಾಡಿ, ತನ್ನನ್ನು ಸೇರಿಸಿಕೊಳ್ಳಬೇಕೆಂದೂ ಒಳ್ಳೆಯ ಸಂಬಳ ಕೊಡಬೇಕೆಂದೂ ಕೇಳಿದನು. ತಾವು ಲಾಭಕ್ಕಾಗಿ ದುಡಿಯುವವರಲ್ಲ, ಇಲ್ಲಿ ಸಂಬಳವಿಲ್ಲ ಎಂದರು ಅವರು. ಹುಡುಗನು ಮುನಿದು ಹೊರಟುಹೋದನು. ಆತನನ್ನು ದುರಾಶೆಯವನೆನ್ನುವಂತಿಲ್ಲ, ಚಿಕ್ಕಪ್ಪ ಕೊಲೆಯಾಗಿ, ಮನೆಯ ಬಾಡಿಗೆಗೂ ಹಣವಿಲ್ಲದೆ ಚಿಕ್ಕಮ್ಮ ಕಂಗೆಟ್ಟಿದ್ದಳು. ಆದರೆ ಆ ಕಷ್ಟವನ್ನು ಬಾಯಿಬಿಟ್ಟು ಹೇಳಲು ಆತನ ಅಭಿಮಾನ ಬಿಡಲಿಲ್ಲ. ಕೇಳಿ ತಿಳಿಯುವ ವ್ಯವಧಾನ ನಾಲ್ವರು ಹಿರಿಯರಿಗೂ ಇರಲಿಲ್ಲ. ಬಾಗಿಲು ಮುಚ್ಚಿದ್ದು ಎರಡೂ ಕಡೆಯಿಂದ.

ಕನ್ನಡದ ಓದುಗರಿಗೆ ಚಿರಪರಿಚಿತನಾದ ಫ್ಯಾಂಟಮ್‌ನ ಮನೆಯಲ್ಲಿ ಈ ಗೊಂದಲವೇ ಇಲ್ಲ. ಲೀ ಫಾಕ್ ೧೯೩೬ರಲ್ಲಿ ಬರೆಯತೊಡಗಿದ ಆ ಕಥೆಯಲ್ಲಿ ಮುಸುಕು ತಂದೆಯಿಂದ ಮಗನಿಗೆ ಬರುತ್ತದೆ. ಕಥಾನಾಯಕನು ಇಪ್ಪತ್ತೊಂದನೆಯ ತಲೆ. ಹುಟ್ಟಿನಿಂದ ಹಕ್ಕು, ಹಕ್ಕಿನಿಂದ ಒಪ್ಪಿಗೆ. ಆದರೆ ಇಂದಿನ ನಗರಗಳಲ್ಲಿ ಹೆಚ್ಚಿನ ತರುಣರಿಗೆ ಅಂತಹ ಪಿತ್ರಾರ್ಜಿತ ಮುಸುಕು ಎಲ್ಲಿಯದು? ವಕೀಲರ ಕಚೇರಿಗೆ, ಸಂಗೀತ ವಿದ್ವಾಂಸರ ಮನೆಗೆ, ಅಂಗಡಿಗೆ, ಕಾರ್ಖಾನೆಗೆ ಅವರು ಅಪರಿಚಿತರಾಗಿಯೇ ಹೋಗಿ ನಿಲ್ಲಬೇಕು. ಒಳಗಿರುವವನಿಗೆ ಹಿಂದಿನ ಶಿಷ್ಯನೊಬ್ಬನ ನೆನಪಿರುತ್ತದೆ. ಆತನು ಬಿಟ್ಟುಹೋದವನೋ, ಕೆಟ್ಟುಹೋದವನೋ, ಕಾಲವಾದವನೋ. ಹೊಸಬನು ತೆರಬೇಕಾದುದು ಆ ಹಳೆಯ ಲೆಕ್ಕವನ್ನೂ ಸೇರಿಸಿ.

ಹಾಗೆಂದು ಹಿರಿಯರ ಹಿಂಜರಿಕೆಯೆಲ್ಲ ಅಹಂಕಾರವೆನ್ನುವುದು ತಪ್ಪು. ಜೇಸನ್‌ನನ್ನು ಗುರುವು ಕಂಡೊಡನೆ ಒಪ್ಪಿದನು, ಟಿಮ್‌ನನ್ನು ಕಾಯಿಸಿದನು. ಮೊದಲನೆಯದು ಉದಾರತೆಯಂತೆಯೂ ಎರಡನೆಯದು ಕಾಠಿಣ್ಯದಂತೆಯೂ ತೋರಬಹುದು. ಫಲ ನೋಡಿದರೆ, ಕಾಯಿಸಿದ್ದೇ ಪ್ರೀತಿಯಾಗಿತ್ತು. ಬೇಡವೆನ್ನುವುದಕ್ಕೂ ಈಗ ಬೇಡವೆನ್ನುವುದಕ್ಕೂ ಅಜಗಜಾಂತರ. ಮೊದಲನೆಯದು ಬಾಗಿಲು ಹಾಕುತ್ತದೆ. ಎರಡನೆಯದು ಜಗಲಿಯ ಮೇಲೆ ಕುಳಿತಿರಲು ಹೇಳುತ್ತದೆ.

ಜೇಸನ್‌ನ ಕಥೆಯೂ ಅಲ್ಲಿಗೆ ತೀರಲಿಲ್ಲ. ೨೦೦೫ರಲ್ಲಿ ಜಡ್ ವಿನಿಕ್ ಎಂಬ ಲೇಖಕನು ಆತನನ್ನು ಮರಳಿ ಬದುಕಿಸಿ, ಕೆಂಪು ಮುಸುಕಿನ ಹಗೆಯಾಗಿ ಗುರುವಿನೆದುರು ನಿಲ್ಲಿಸಿದನು. ತನ್ನನ್ನು ಉಳಿಸಲಿಲ್ಲವೆಂದು ಆತನಿಗೆ ಕೋಪವಿಲ್ಲ. ತನ್ನನ್ನು ಕೊಂದವನು ಇನ್ನೂ ಉಸಿರಾಡುತ್ತಿದ್ದಾನೆಂದು ಕೋಪ. ಕೊಲ್ಲಲಾರೆನೆಂಬ ಗುರುವಿನ ವ್ರತವೂ ಶಿಷ್ಯನ ನ್ಯಾಯದ ಬೇಡಿಕೆಯೂ ಎದುರುಬದುರಾದಾಗ, ಇಬ್ಬರಿಗೂ ಒಪ್ಪುವ ಉತ್ತರ ಸಿಗಲಿಲ್ಲ. ಒಳಗೆ ಬಿಟ್ಟುಕೊಂಡವನನ್ನು ಮರೆತುಬಿಡುವ ಅನುಕೂಲ ಯಾವ ಗುರುವಿಗೂ ಇಲ್ಲ.

ಬ್ಯಾಟ್‌ಮನ್‌ನ ಗುಹೆಯಲ್ಲಿ ಗಾಜಿನ ಪೆಟ್ಟಿಗೆಯೊಂದುಂಟು. ಅದರೊಳಗೆ ಜೇಸನ್‌ನ ಉಡುಪು ನಿಂತಿದೆ. ಟಿಮ್ ಡ್ರೇಕ್ ದಿನವೂ ಅದರ ಮುಂದೆ ಹಾದು ತನ್ನ ಪಾಠಕ್ಕೆ ಕುಳಿತನು. ಗುರುವು ಅದನ್ನು ಮರೆಮಾಡಲಿಲ್ಲ. ಹುಡುಗನು ಅದನ್ನು ಕಂಡು ಹಿಂದಿರುಗಲಿಲ್ಲ. ಒಬ್ಬನು ಬೆಲೆಯನ್ನು ಮುಚ್ಚಿಡದೆ ತೋರಿಸಿದನು, ಇನ್ನೊಬ್ಬನು ಬೆಲೆಯನ್ನು ಅರಿತೇ ಕೈಹಾಕಿದನು. ಮೂರನೆಯ ಹುಡುಗನಿಗೆ ಬಾಗಿಲು ತೆರೆದುದು ಹಾಗೆ.